ಅತ್ತೆಯ ಹೆಸರಿನಲ್ಲಿ ಒಂದು ಗುಂಡಿ ಫೋನು

ನನ್ನ ಮದುವೆಯ ಆಲ್ಬಮ್ಮಿನಲ್ಲಿ ಎಪ್ಪತ್ತೆರಡು ಫೋಟೊಗಳಿವೆ. ನಾನಿರುವುದು ನಾಲ್ಕರಲ್ಲಿ. ಉಳಿದವುಗಳಲ್ಲಿ ನನ್ನ ಗಂಡ ಚಂದ್ರಯ್ಯ ಒಬ್ಬರೇ ಹಾರ ಹಾಕಿಕೊಂಡು, ಪಕ್ಕದ ಖಾಲಿ ಜಾಗದ ಕಡೆಗೆ ಒಂದಿಷ್ಟು ವಾಲಿಕೊಂಡು, ನಾಚುತ್ತ ಕೂತಿದ್ದಾರೆ. ಧಾರೆಯ ಫೋಟೊದಲ್ಲಿ ನಮ್ಮಪ್ಪ ಬರೀ ಗಾಳಿಗೆ ಧಾರೆ ಎರೆಯುತ್ತಿದ್ದಾರೆ. ಫೋಟೊ ತೆಗೆಯುವವನು ಅಂದು ಬೆಳಗಿನಿಂದ ಗಂಟಲು ಹರಿದುಕೊಂಡಿದ್ದ. "ಮದುಮಗಳೇ, ಮನಸ್ಸು ಇಲ್ಲಿಡಿ ತಾಯಿ, ಲೆನ್ಸಿಗೆ ಸಿಗ್ತಿಲ್ಲ!" ನಾನು ಇಡಲು ನೋಡಿದೆ. ಆದರೆ ಅಡುಗೆಮನೆಯ ಕಡೆಯಿಂದ ಯಾರೋ ಪಾಯಸಕ್ಕೆ ಬಿಂದಿಗೆ ನೀರು ಸುರಿದ ಸದ್ದು ಬಂತು. ಅಷ್ಟರಲ್ಲಿ ನನ್ನ ಚಿಕ್ಕ ತಮ್ಮ ಚಪ್ಪಲಿ ಹಾಕಿಕೊಂಡೇ ಮಂಟಪಕ್ಕೆ ಹತ್ತಿದ. ಎಲ್ಲವನ್ನೂ ನಾನೇ ನೋಡಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ನೋಡುತ್ತ ಹೋದೆ, ಫೋಟೊಗಳಿಂದಲೂ ಹೋದೆ.

ನಮ್ಮೂರಿನ ಗಾಜಿನ ಸ್ವಭಾವವೇ ಅದು. ಮನಸ್ಸು ಬೇರೆ ಕಡೆ ಇರುವವರನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕನ್ನಡಿ ತೋರಿಸುವುದಿಲ್ಲ, ಲೆನ್ಸು ಹಿಡಿಯುವುದಿಲ್ಲ, ಫೋನಿನ ಗಾಜು ಬೆರಳು ತಾಕಿದ್ದೇ ಗೊತ್ತಿಲ್ಲದ ಹಾಗೆ ಸುಮ್ಮನಿರುತ್ತದೆ. ನಮ್ಮೂರಿನವರು ಬೇರೆ ಊರಿಗೆ ಹೋದರೂ ಕೈ ನಮ್ಮೂರಿನದೇ ಆದ್ದರಿಂದ ಅಲ್ಲಿಯ ಗಾಜೂ ಹೀಗೇ ಮಾಡುತ್ತದೆ. ಇದಕ್ಕೆ ನಾವೆಲ್ಲ ಹೊಂದಿಕೊಂಡಿದ್ದೇವೆ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆದಾಗ ಕನ್ನಡಿಯಲ್ಲಿ ಗಿರಾಕಿ ಮಾಯವಾದರೆ "ಸ್ವಾಮಿ, ಎಲ್ಲಿಗೆ ಹೋದ್ರಿ, ವಾಪಸ್ ಬನ್ನಿ" ಎಂದು ಭುಜ ತಟ್ಟುತ್ತಾರೆ. ಬಸ್ಸಿನಲ್ಲಿ ಮುಂದಿನ ಸೀಟಿನವರು ಡ್ರೈವರನ ತಲೆಯ ಮೇಲಿನ ಕನ್ನಡಿಯ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ. ಅದರಲ್ಲಿ ಅವನ ಮುಖ ಇಲ್ಲವಾದರೆ ಇಡೀ ಬಸ್ಸೇ "ಡ್ರೈವರಣ್ಣಾ!" ಎಂದು ಕೂಗುತ್ತದೆ. ಹೆಣ್ಣು ನೋಡುವ ದಿನ ಗಂಡು ಹೆಣ್ಣನ್ನು ಒಂದೇ ಕನ್ನಡಿಯ ಮುಂದೆ ಕೂರಿಸುವುದು ಪದ್ಧತಿ. ನಮ್ಮಿಬ್ಬರನ್ನು ಕೂರಿಸಿದಾಗ ಕನ್ನಡಿಯಲ್ಲಿ ಕಂಡದ್ದು ಹಿಂದಿನ ಗೋಡೆಯ ಕ್ಯಾಲೆಂಡರು ಮಾತ್ರ. ನಾನು ಹಾಲು ಉಕ್ಕೀತೆಂದು ಯೋಚಿಸುತ್ತಿದ್ದೆ. ಚಂದ್ರಯ್ಯ ನಮ್ಮ ಮನೆಯ ಗೋಡೆಗೆ ತೂಗುಹಾಕಿದ್ದ ಹಳೆಯ ತಕ್ಕಡಿಯ ಮುಳ್ಳು ಅರ್ಧ ಎಳ್ಳಿನಷ್ಟು ಎಡಕ್ಕಿದೆ ಎಂದು ಯೋಚಿಸುತ್ತಿದ್ದರಂತೆ. ಅವರ ಕಸುಬು ತಕ್ಕಡಿ ರಿಪೇರಿ. ಹಿರಿಯರು ಸ್ವಲ್ಪ ಹೊತ್ತು ಖಾಲಿ ಕನ್ನಡಿ ನೋಡಿ, "ಇಬ್ಬರೂ ಒಂದೇ ಥರ, ಜೋಡಿ ಸರಿಯಾಗಿದೆ" ಎಂದು ತಾಂಬೂಲ ಬದಲಾಯಿಸಿಬಿಟ್ಟರು.

ಆದರೆ ನಾವು ಒಂದೇ ಥರ ಅಲ್ಲ. ಅವರದು ಹೋದರೆ ಒಂದು ಕಡೆ ಹೋಗುವ ಮನಸ್ಸು, ಬಂದರೆ ಪೂರ್ತಿ ಬರುತ್ತದೆ. ನನ್ನದು ಒಂದೇ ಹೊತ್ತಿಗೆ ನಾಲ್ಕು ಕಡೆ ಇರುತ್ತದೆ, ಒಂದು ಕಡೆಯೂ ಕೂರುವಷ್ಟು ಇರುವುದಿಲ್ಲ. ಹದಿನೆಂಟು ವರ್ಷದಿಂದ ನಾನು ಬೈತಲೆ ತೆಗೆಯುವುದು, ಕುಂಕುಮ ಇಡುವುದು ಎಲ್ಲ ಬೆರಳಿನ ಅಂದಾಜಿನಲ್ಲಿ. ಬೀದಿಯಲ್ಲಿ ಯಾರಾದರೂ ನನ್ನ ಹಣೆ ನೋಡಿ ನಕ್ಕರೆ ಕುಂಕುಮ ಎಡಕ್ಕೆ ಹೋಗಿದೆ ಎಂದು ತಿಳಿದು ಒರೆಸಿಕೊಳ್ಳುತ್ತೇನೆ. ನಮ್ಮತ್ತೆ ಹೊನ್ನಜ್ಜಿಯನ್ನು ನೋಡಬೇಕು. ಎಪ್ಪತ್ತೆಂಟು ವರ್ಷ. ಊಟ ಮಾಡುವಾಗ ಊಟ, ಬೈಯುವಾಗ ಬೈಗುಳ, ಬೇರೆ ಯೋಚನೆಯೇ ಇಲ್ಲ. ಬೀದಿಯ ಆ ಕಡೆ ನಿಂತರೂ ನಮ್ಮ ನಡುಮನೆಯ ಕನ್ನಡಿಯಲ್ಲಿ ಕಿವಿಯ ಓಲೆಯ ಸಮೇತ ಕಾಣುತ್ತಾರೆ.

ಇದೆಲ್ಲ ನಗುವ ವಿಷಯವಾಗಿತ್ತು, ಮಂದಾರ ಊರು ಬಿಡುವವರೆಗೆ.

ಮಂದಾರ ನಮ್ಮ ಒಬ್ಬಳೇ ಮಗಳು. ಹದಿನೇಳು ವರ್ಷ. ಅವಳಿಗೆ ಮಾತು ತಡೆಯುತ್ತದೆ. ಮೊದಲ ಅಕ್ಷರ ಗಂಟಲಲ್ಲಿ ಬಂದು ನಿಂತುಬಿಡುತ್ತದೆ, ಎದುರಿಗಿರುವವರು ಎಷ್ಟು ಕಣ್ಣು ಬಿಟ್ಟು ಕಾದರೆ ಅಷ್ಟು ಹಟಮಾರಿಯಾಗಿ ನಿಲ್ಲುತ್ತದೆ. ಅವಳು ಚಿಕ್ಕವಳಿದ್ದಾಗ ಶಾಲೆಯ ಮೇಡಂ ನನ್ನನ್ನು ಕರೆಸಿ, "ಮಗು ಮಾತಾಡುವಾಗ ಕೈಕೆಲಸ ಬಿಟ್ಟು ಮುಖ ನೋಡಿಕೊಂಡು ಕೂತ್ಕೋಬೇಕು ತಾಯಿ, ಪೂರ್ತಿ ಗಮನ ಕೊಡಬೇಕು" ಎಂದಿದ್ದರು. ನಾನು ಒಂದು ವಾರ ಹಾಗೇ ಕೂತೆ. ಆ ಒಂದು ವಾರ ಮಗು ಬಾಯಿಯೇ ಬಿಡಲಿಲ್ಲ. ಎಂಟನೆಯ ದಿನ ಸೊಪ್ಪು ಒಣಗುತ್ತಿದೆಯಲ್ಲ ಎಂದು ಮೊರ ಎಳೆದುಕೊಂಡು ಬಿಡಿಸಲು ಕೂತೆ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಏನೋ ಶುರುಮಾಡಿದಳು. "ಹ್ಞೂಂ, ಆಮೇಲೆ?" ಎಂದೆ, ತಲೆ ಎತ್ತದೆ. ಅಂದಿನಿಂದ ಹತ್ತು ವರ್ಷ ಹಾಗೇ ನಡೆಯಿತು. ನಾನು ಸೊಪ್ಪು, ಬೇಳೆ, ಒಗ್ಗರಣೆ, ಅವಳು ಚೌಕಟ್ಟು. ಮೇಡಂ ಹೇಳಿದ್ದನ್ನು ಮಾಡಲಿಲ್ಲವಲ್ಲ ಎಂಬ ಮುಳ್ಳು ಮಾತ್ರ ನನ್ನೊಳಗೆ ಉಳಿದುಬಿಟ್ಟಿತು.

ಹೊಳೆಯಾಚೆಯ ಊರಿನಲ್ಲಿ ಕಟ್ಟುಹಲ್ಲು ಮಾಡುವುದನ್ನು ಕಲಿಸುವ ಶಾಲೆಯಿದೆ. ಎರಡು ವರ್ಷದ ಕಲಿಕೆ. ಮಂದಾರಳ ಕೈ ಬಹಳ ಸೂಕ್ಷ್ಮ, ಚಿಕ್ಕಂದಿನಲ್ಲಿ ಅಕ್ಕಿಹಿಟ್ಟಿನಲ್ಲಿ ಅಜ್ಜಿಯ ಬೊಚ್ಚುಬಾಯಿಗೆ ಹಲ್ಲು ಮಾಡಿ ಅವರಿಂದ ಬೈಸಿಕೊಂಡವಳು. ಸೀಟು ಸಿಕ್ಕಿತು, ಹೋದಳು. ಹಾಸ್ಟೆಲ್ಲು. ಫೋನಿನಲ್ಲಿ ಮಾತಾಡುವುದು ಅವಳಿಗೆ ಆಗದ ಕೆಲಸ. "ಹಲೋ" ಎಂಬುದರಲ್ಲೇ ನಿಂತುಬಿಡುತ್ತಾಳೆ. ಆದ್ದರಿಂದ ಬರೆಯುತ್ತಿದ್ದಳು. ಮೊದಲ ವಾರ ಅಪ್ಪನ ಫೋನಿಗೆ ಎಷ್ಟುದ್ದ ಬರೆದಳೆಂದರೆ ಚಂದ್ರಯ್ಯ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿ ಹೇಳಿದರು. ಉತ್ತರ ನಾನು ಬರೆಯಬೇಕಿತ್ತು. ಗಾಜಿನ ಮೇಲೆ ಬೆರಳಿಟ್ಟೆ. ಗಾಜಿಗೆ ನಾನು ಯಾರೆಂದೇ ಗೊತ್ತಿಲ್ಲ.

"ನೀವೇ ಬರೀರಿ, ನಾನು ಹೇಳ್ತೀನಿ" ಎಂದೆ. ಅರ್ಧ ಗಂಟೆ ಹೇಳಿದೆ. ಹಿತ್ತಲ ನಲ್ಲಿ ಕೆಟ್ಟದ್ದು, ಬೆಕ್ಕು ಅವಳ ಹಾಸಿಗೆಯ ಮೇಲೆ ಮಲಗುವುದು, ಅವಳಿಲ್ಲದೆ ಸಾರು ಮಿಕ್ಕುವುದು. ಅವರು ತಕ್ಕಡಿಯ ಮುಳ್ಳು ನೋಡುವಷ್ಟೇ ಗಮನದಿಂದ ಕೇಳಿಸಿಕೊಂಡರು. ಆಮೇಲೆ ಬರೆದದ್ದನ್ನು ತೋರಿಸಿದರು: "ಅಮ್ಮ ಚೆನ್ನಾಗಿದ್ದಾಳೆ."

"ಇಷ್ಟೇನಾ?"

"ತೂಕ ಅಷ್ಟೇ ಬಂತು ಕಣೇ" ಎಂದರು.

ಧ್ವನಿಯನ್ನೇ ಹಿಡಿದು ಕಳಿಸಬಹುದೆಂದು ಪಕ್ಕದ ಮನೆಯವರು ಹೇಳಿಕೊಟ್ಟರು. ಅದನ್ನೂ ಮಾಡಿದೆವು. ನಾನು "ಮಗಳೇ" ಎನ್ನುವಷ್ಟರಲ್ಲಿ ಹೊನ್ನಜ್ಜಿ ಫೋನು ಕಿತ್ತುಕೊಂಡು ತಮ್ಮ ಬಲ ಮೊಣಕಾಲಿನ ಬಗ್ಗೆ ನಾಲ್ಕು ನಿಮಿಷ ಮಾತಾಡಿ, "ಹ್ಞಾಂ, ಕಳಿಸು" ಎಂದರು.

ಮಂದಾರಳ ಬರಹ ಗಿಡ್ಡವಾಗುತ್ತ ಬಂತು. ಮೂರನೆಯ ವಾರ "ಊಟ ಆಯ್ತು" ಎಂಬಲ್ಲಿಗೆ ಇಳಿಯಿತು.

ಆಗಲೇ ನಾನು ಏಕಚಿತ್ತದ ತರಗತಿಗೆ ಸೇರಿದ್ದು. ವಾಚನಾಲಯದ ಮಹಡಿಯ ಮೇಲೆ ಸಂಜೆ ನಾಲ್ಕಕ್ಕೆ ನಡೆಯುತ್ತದೆ. ನಡೆಸುವವರು ನಿವೃತ್ತ ಹೆಡ್‌ಮಿಸ್ ಪದ್ಮಾಕ್ಷಮ್ಮ. ಅವರ ಏಕಾಗ್ರತೆ ಎಂಥದೆಂದರೆ ಅವರು ಎದ್ದು ಹೋದಮೇಲೂ ಕನ್ನಡಿಯಲ್ಲಿ ಅವರ ಪ್ರತಿಬಿಂಬ ಒಂದು ಗಳಿಗೆ ಕೂತಿರುತ್ತದೆ. "ಗಾಜಿನ ಮೇಲೆ ಬೆರಳಿಡಿ. ಒಂದು ನಿಂಬೆಹಣ್ಣನ್ನು ನೆನೆಯಿರಿ. ನಿಂಬೆಹಣ್ಣು ಬಿಟ್ಟು ಇನ್ನೇನೂ ಬೇಡ" ಎನ್ನುತ್ತಿದ್ದರು. ನಾನು ನೆನೆದೆ. ನಿಂಬೆಹಣ್ಣು, ಉಪ್ಪಿನಕಾಯಿ, ಹಾಸ್ಟೆಲ್ಲಿನ ಊಟಕ್ಕೆ ಉಪ್ಪಿನಕಾಯಿ ಹಾಕುತ್ತಾರೋ ಇಲ್ಲವೋ. ಮೂರೇ ಹೆಜ್ಜೆಗೆ ನಾನು ಹೊಳೆ ದಾಟಿಬಿಡುತ್ತಿದ್ದೆ. ತೆಂಗಿನಕಾಯಿ ಕೊಟ್ಟು ನೋಡಿದರು, ಖಾಲಿ ಕೊಡ ಕೊಟ್ಟು ನೋಡಿದರು. ಕೊನೆಗೆ, "ಸುಭದ್ರಾ, ನಿಮಗೆ ಏನು ಕೊಟ್ಟರೂ ಅದನ್ನ ತುಂಬಿಸಿ ಮಗಳಿಗೆ ಕಳಿಸ್ತೀರಲ್ಲ. ನಾಳೆಯಿಂದ ಬರಬೇಡಿ, ಪಕ್ಕದಲ್ಲಿ ಕೂತವರಿಗೂ ಅಂಟುತ್ತೆ" ಎಂದರು. ಶಾಲೆಯಿಂದ ಹೆಸರು ತೆಗೆಸಿಕೊಂಡ ಮೊದಲ ತಾಯಿ ನಾನೇ ಇರಬೇಕು.

ಇರಿ, ಕುಕ್ಕರ್ ಕೂಗಿದ್ದು ಎರಡೋ ಮೂರೋ, ನೋಡಿ ಬಂದೆ. ಮೂರು.

ಎಲ್ಲಿದ್ದೆ? ಬುಧವಾರ. ತರಗತಿಯಿಂದ ಹೊರಬಿದ್ದ ವಾರದ ಬುಧವಾರ ಮಧ್ಯಾಹ್ನ ಚಂದ್ರಯ್ಯ ಊಟಕ್ಕೆ ಬಂದವರು, "ಮಂದಾರ ಭಾನುವಾರ ಬರ್ತಾಳಂತೆ!" ಎಂದು ಖುಷಿಯಿಂದ ಹೇಳಿದರು.

"ರಜಾನಾ?"

"ಅದೆಲ್ಲ ಗೊತ್ತಿಲ್ಲ. ಬರ್ತೀನಿ ಅಂದಿದಾಳೆ, ನಾನು 'ಬಾ ಮಗಳೇ' ಅಂತ ಹಾಕಿದೀನಿ."

ಫೋನು ಇಸಿದುಕೊಂಡು ಓದಿದೆ. ಓದಲು ಗಾಜಿನ ಅಪ್ಪಣೆ ಬೇಕಿಲ್ಲ. ಅವಳು ಬರೆದಿದ್ದಳು: "ಇಲ್ಲಿ ಯಾರ ಹತ್ರಾನೂ ಮಾತಾಡಿ ಹನ್ನೊಂದು ದಿನ ಆಯ್ತು. ಶನಿವಾರ ಬಾಯಿಪರೀಕ್ಷೆ. ನಾನು ಮಾಡಿದ ಹಲ್ಲಿನ ಸೆಟ್ಟು ಕೈಯಲ್ಲಿ ಹಿಡ್ಕೊಂಡು ಮೇಷ್ಟ್ರ ಮುಂದೆ ನಿಂತು ವಿವರಿಸಬೇಕು. ನನ್ನಿಂದ ಆಗಲ್ಲ. ಭಾನುವಾರದ ಬಸ್ಸಿಗೆ ಬರ್ತೀನಿ, ವಾಪಸ್ ಹೋಗಲ್ಲ. ಅಮ್ಮನಿಗೆ ಹೇಳಿ."

ಒಂದೇ ಕಡೆ ಇರುವ ಮನಸ್ಸಿಗೆ ಇಷ್ಟು ಸಾಲಿನಲ್ಲಿ "ಬರ್ತೀನಿ" ಎಂಬುದೊಂದೇ ಕಾಣಿಸಿದೆ. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಬಡಿಸಿದೆ. ಬಡಿಸುತ್ತಲೇ ನನ್ನೊಳಗೆ ಒಂದು ಕಾಗದ ತಯಾರಾಗತೊಡಗಿತು. ಭಾರಿ ಕಾಗದ. ಅದರಲ್ಲಿ ಧೈರ್ಯದ ಬಗ್ಗೆ ಮೂರು ಗಾದೆಗಳಿದ್ದವು, ಒಂದು ಕಡೆ "ನೀನು ನಮ್ಮ ವಂಶದ ದೀಪ" ಎಂದೂ ಇತ್ತು. ಶನಿವಾರದ ಒಳಗೆ ಅದು ಅವಳ ಕೈಗೆ ಸಿಗಬೇಕು. ಅಂಚೆಗೆ ಹಾಕಿದರೆ ಸೋಮವಾರ. ಗಾಜಿನ ಮೇಲೆ ಬರೆದರೆ ನನ್ನ ಜನ್ಮದಲ್ಲಿ ಇಲ್ಲ. ಗಂಡನ ಕೈಯಲ್ಲಿ ಬರೆಸಿದರೆ "ಅಮ್ಮ ಧೈರ್ಯ ಹೇಳಿದ್ದಾಳೆ" ಎಂದಾಗುತ್ತದೆ. ಧ್ವನಿ ಹಿಡಿಯಹೋದರೆ ಅತ್ತೆಯ ಮೊಣಕಾಲು ಹೋಗುತ್ತದೆ. ಉಳಿದದ್ದು ಗುಂಡಿ ಫೋನು. ಗುಂಡಿಗೆ ಗಾಜಿನ ಹಾಗೆ ಗತ್ತಿಲ್ಲ. ಒತ್ತಿದರೆ ಒತ್ತಿಸಿಕೊಳ್ಳುತ್ತದೆ, ಒತ್ತಿದವರ ಮನಸ್ಸು ಎಲ್ಲಿದೆ ಎಂದು ಕೇಳುವುದಿಲ್ಲ.

ಹಾಗಾದರೆ ಮೊದಲೇ ಏಕೆ ಕೊಳ್ಳಲಿಲ್ಲ ಎಂದು ನೀವು ಕೇಳಬಹುದು. ನಮ್ಮೂರಿನಲ್ಲಿ ಗುಂಡಿ ಫೋನು ಹಿಡಿದು ಓಡಾಡುವುದೆಂದರೆ, ನಾನು ಮನೆಯಲ್ಲಿದ್ದರೂ ಇಲ್ಲದವಳು ಎಂದು ಹಣೆಗೆ ಚೀಟಿ ಅಂಟಿಸಿಕೊಂಡ ಹಾಗೆ. ಎಲ್ಲರೂ ಅದನ್ನು ಬೇರೆಯವರ ಹೆಸರಿನಲ್ಲೇ ಕೊಳ್ಳುತ್ತಾರೆ. ನನ್ನ ಕುಂಕುಮ ನೋಡಿ ಇಡೀ ಊರಿಗೆ ಗೊತ್ತಿದ್ದ ವಿಷಯವನ್ನು ನಾನು ಹದಿನೆಂಟು ವರ್ಷ ಗುಟ್ಟೆಂದು ತಿಳಿದಿದ್ದೆ.

ಗುರುವಾರ ಬೆಳಗ್ಗೆ ಎರಡು ಸೇರು ಅವರೆಕಾಯಿಯನ್ನು ಚೀಲಕ್ಕೆ ಹಾಕಿಕೊಂಡು ಫೋನು ಮಾರುವ ದಸ್ತಗೀರ್ ಸಾಹೇಬರ ಅಂಗಡಿಗೆ ಹೋದೆ. ಅವರು ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಅವರ ಹೆಂಡತಿ ಜೈಬುನ್ ಬೀ ಒಳಗಿನ ಮೇಜಿನ ಹತ್ತಿರ ಏನೋ ಸಣ್ಣ ಕೆಲಸದಲ್ಲಿ ಬಗ್ಗಿದ್ದರು.

"ಗುಂಡಿ ಇರೋ ಫೋನು ಬೇಕಿತ್ತು" ಎಂದೆ.

"ಯಾರಿಗಮ್ಮಾ?"

"ನಮ್ಮತ್ತೆಗೆ."

ಅವರು ಒಳಗೆ ತಿರುಗಿ, "ಜೈಬುನ್, ಈ ವಾರ ಆರನೇ ಅತ್ತೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಈ ಊರಿನ ಅತ್ತೇರೆಲ್ಲ ಕೂತು ಏನು ಬರೀತಾರೋ ಆ ದೇವರಿಗೇ ಗೊತ್ತು. ಅದಿರಲಿ, ಒಂದು ಸಲ ಇದನ್ನ ನೋಡಿ. ಹೊಸದು. ಗಾಜು ಬಹಳ ಧಾರಾಳ. ಅರ್ಧ ಮನಸ್ಸಿದ್ರೂ ಸಾಕು, ತಗೊಳ್ಳುತ್ತೆ" ಎಂದು ಹೊಳೆಯುವ ಫೋನೊಂದನ್ನು ಮುಂದಿಟ್ಟರು.

ಬೆರಳಿಟ್ಟೆ. ಏನೂ ಆಗಲಿಲ್ಲ. ಉಜ್ಜಿದೆ. ಏನೂ ಆಗಲಿಲ್ಲ.

"ಅರ್ಧಾನೂ ಇಲ್ವಾ ತಾಯಿ?"

"ಕಾಲು ಇರಬಹುದು."

"ಕಾಲಿಗೆ ಇನ್ನೂ ಯಾವ ಕಂಪನಿಯವರೂ ಮಾಡಿಲ್ಲ" ಎಂದು ನಿಟ್ಟುಸಿರಿಟ್ಟು, ಕೆಳಗಿನ ಡ್ರಾಯರಿನಿಂದ ಮೂರು ಫೋನು ತೆಗೆದಿಟ್ಟರು. ನಾನು ಸ್ಟೂಲಿನ ಮೇಲೆ ಕೂತು ಮಡಿಲಿಗೆ ಅವರೆಕಾಯಿ ಸುರಿದುಕೊಂಡೆ.

"ಇದೇನಮ್ಮಾ?"

"ಪರೀಕ್ಷೆ ಮಾಡಬೇಕಲ್ಲ. ಮನೇಲಿ ಹೇಗೆ ಒತ್ತುತೀನೋ ಹಾಗೇ ಒತ್ತಿ ನೋಡಬೇಕು." ಆಮೇಲೆ ನೆನಪಾಗಿ, "ನಮ್ಮತ್ತೆ" ಎಂದು ಸೇರಿಸಿದೆ.

ಮೊದಲನೆಯದರ ಗುಂಡಿಗಳು ಒಳಗಿರುತ್ತವೆ, ಮೇಲಿನ ಭಾಗವನ್ನು ಜಾರಿಸಿದರೆ ಟಪ್ಪೆಂದು ಹೊರಗೆ ಬರುತ್ತವೆ. ಆ ಟಪ್ ನನಗೆ ಬಹಳ ಹಿಡಿಸಿತು. ಹದಿನೈದು ಸಲ ಟಪ್ ಮಾಡಿದೆ. ಆದರೆ ಅದಕ್ಕೆ ಎರಡು ಕೈ ಬೇಕು. ನನ್ನ ಎರಡು ಕೈ ಒಟ್ಟಿಗೆ ಖಾಲಿಯಿದ್ದದ್ದು ಮಂದಾರ ಹುಟ್ಟುವ ಮುಂಚೆ. ಎರಡನೆಯದು ನಾಜೂಕು, ಗುಂಡಿಗಳು ಜೀರಿಗೆಯ ಗಾತ್ರ. ಒಂದನ್ನು ಒತ್ತಿದರೆ ಮದುವೆಗೆ ಕರೆದ ಹಾಗೆ ಅಕ್ಕಪಕ್ಕದವರೂ ಜೊತೆಗೆ ಬರುತ್ತಿದ್ದರು. ಮೂರನೆಯದು ಕಪ್ಪಗೆ, ದಪ್ಪಗೆ, ಚಟ್ನಿ ಅರೆಯುವ ಗುಂಡುಕಲ್ಲಿನ ಮೊಮ್ಮಗನ ಹಾಗಿತ್ತು. ಪುಟ್ಟ ಗಾಜಿನ ಕೆಳಗೆ ನಾಲ್ಕು ಸಾಲು ಗುಂಡಿ, ಒಂದೊಂದೂ ನೆನೆಸಿದ ಕಡಲೆಯಷ್ಟು ಉಬ್ಬಿ ಬೆರಳಿಗೆ ತಾನಾಗಿ ಸಿಗುತ್ತಿತ್ತು. ಎಡಗೈಯಲ್ಲಿ ಕಾಯಿ ಸುಲಿಯುತ್ತ ಬಲಗೈ ಹೆಬ್ಬೆರಳಿನಲ್ಲಿ ಒತ್ತಿದೆ. ಒಂದು ಸಾಲು ಬಂತು. ಸಾಲು ಬಂದದ್ದಷ್ಟೇ ಅಲ್ಲ, ನನ್ನದೇ ಸಾಲು. ಅಷ್ಟು ವರ್ಷದಿಂದ ಯಾವ ಗಾಜಿನ ಮೇಲೂ ನನ್ನ ಗುರುತು ಕಂಡಿರಲಿಲ್ಲ. "ಅವರೆಕಾಯಲ್ಲಿ ಹುಳ ಜಾಸ್ತಿ ಇದೆ" ಎಂದಿತ್ತು. ಕಣ್ಣು ತುಂಬಿ ಬಂತು.

"ಬಿದ್ದರೆ?" ಎಂದೆ.

"ನೆಲಕ್ಕೆ ಸ್ವಲ್ಪ ಪೆಟ್ಟಾಗುತ್ತೆ" ಎಂದರು ದಸ್ತಗೀರ್ ಸಾಹೇಬರು.

"ಸಂದಿಗೆ ಹಿಟ್ಟು ಹೋದರೆ?"

ಇದಕ್ಕೆ ಒಳಗಿನಿಂದ ಜೈಬುನ್ ಬೀ ಉತ್ತರ ಕೊಟ್ಟರು. "ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿ ಅಕ್ಕಾ. ನಂದೂ ಅದೇ ಫೋನು. ಮೂರು ಸಲ ರೊಟ್ಟಿ ಹಿಟ್ಟಲ್ಲಿ ನಾದಿದೀನಿ, ಏನೂ ಆಗಿಲ್ಲ." ಹಾಗೆಂದು ತಮ್ಮ ಸೆರಗಿನ ಗಂಟಿನಿಂದ ಅದೇ ಮೊಮ್ಮಗನ ಅಣ್ಣನನ್ನು ತೆಗೆದು ತೋರಿಸಿದರು. ಅಂಗಡಿಯಲ್ಲಿ ಇಷ್ಟು ಗಾಜುಗಳ ನಡುವೆ ಕೂತ ಹೆಂಗಸು, ಯಾವುದರಲ್ಲೂ ಕಾಣುತ್ತಿರಲಿಲ್ಲ. ನಾನು ಅಲ್ಲಿಯತನಕ ಗಮನಿಸಿಯೇ ಇರಲಿಲ್ಲ.

"ನೀವು ಯಾರ ಹೆಸರಲ್ಲಿ ತಗೊಂಡ್ರಿ?" ಎಂದೆ.

"ನಮ್ಮ ಅತ್ತೆ ತೀರಿಕೊಂಡು ಇಪ್ಪತ್ತು ವರ್ಷ. ಪಾಪ, ಅವರ ಹೆಸರಲ್ಲೇ" ಎಂದು ನಕ್ಕರು.

ಹಳೆಯ ಫೋನಾದ್ದರಿಂದ ಗುಂಡಿಗಳ ಮೇಲಿನ ಅಕ್ಷರಗಳು ಮಾಸಿಹೋಗಿದ್ದವು. ಜೈಬುನ್ ಬೀ ಕೆಂಪು ಉಗುರುಬಣ್ಣದಲ್ಲಿ, ಊದುಬತ್ತಿಯ ಕಡ್ಡಿಯಿಂದ, ಒಂದೊಂದೇ ಅಕ್ಷರ ಬರೆದುಕೊಟ್ಟರು. ಅವರು ಬರೆದು ಮುಗಿಸುವಷ್ಟರಲ್ಲಿ ನನ್ನ ಎರಡು ಸೇರು ಅವರೆಕಾಯಿಯೂ ಮುಗಿಯಿತು. ಹೊರಡುವಾಗ, "ಅಕ್ಕಾ, ಒಂದು ಮಾತು. ಮೂಲೆಯ ದೊಡ್ಡ ಗುಂಡಿ ಇದೆಯಲ್ಲ, ಅದು ಕಳಿಸೋದು. ಅದರ ತಂಟೆಗೆ ಹೋಗುವಾಗ ಹುಷಾರು. ಅದು ಕೇಳಲ್ಲ" ಎಂದರು.

ಮನೆಯಲ್ಲಿ ಹೊನ್ನಜ್ಜಿ ಬಾಗಿಲಲ್ಲೇ ಕಾದಿದ್ದರು. ಸುದ್ದಿ ನನಗಿಂತ ಮೊದಲು ಬಂದಿತ್ತು.

"ನನಗೆ ಫೋನು ತಂದಿದೀಯಂತಲ್ಲ, ಎಲ್ಲಿ ಕೊಡು."

"ಅತ್ತೆ, ಅದು…"

"ನನ್ನ ಹೆಸರು ಕೆಡಿಸಿದಮೇಲೆ ವಸ್ತು ನನ್ನದೇ. ದಿನಾ ಸಾಯಂಕಾಲ ಅರ್ಧ ಗಂಟೆ ನನ್ನ ಹತ್ರ ಇರಬೇಕು." ಅವರಿಗೆ ಬರೆಯುವುದೇನೂ ಇರಲಿಲ್ಲ. ಇಂದಿಗೂ ಸಂಜೆ ಅದನ್ನು ಮಡಿಲಲ್ಲಿಟ್ಟುಕೊಂಡು ಜಗುಲಿಯ ಮೇಲೆ ಕೂರುತ್ತಾರೆ, ಹಾದುಹೋಗುವವರಿಗೆ ಕಾಣುವ ಹಾಗೆ. ನನ್ನ ಮಾನ ಕಾಯುವುದು ಹಾಗೆ ಎಂದು ಅವರು ಒಮ್ಮೆಯೂ ಹೇಳಿಲ್ಲ.

ಗುರುವಾರ ಪೂರ್ತಿ ನಾನು ಭಾರಿ ಕಾಗದ ಬರೆಯಲಿಲ್ಲ. ಒಳ್ಳೆಯ ಹೊತ್ತಿಗಾಗಿ ಕಾದೆ. ಎಲ್ಲ ಕೆಲಸ ಮುಗಿಸಿ, ಮುಖ ತೊಳೆದು, ನೆಟ್ಟಗೆ ಕೂತು ಬರೆಯಬೇಕೆಂದಿದ್ದೆ. ಎಲ್ಲ ಕೆಲಸ ಮುಗಿಯುವ ಹೊತ್ತು ನಮ್ಮ ಮನೆಯಲ್ಲಿ ಇದುವರೆಗೆ ಬಂದಿಲ್ಲ ಎಂಬುದು ನನಗೆ ಶುಕ್ರವಾರ ಬೆಳಗ್ಗೆ ಹೊಳೆಯಿತು. ಒಲೆಯ ಮೇಲೆ ಬೇಳೆ ಇಟ್ಟು, ಅಡುಗೆಕಟ್ಟೆಗೆ ಫೋನು ಒರಗಿಸಿಕೊಂಡು, ಗಾದೆಗಳಿಗೆ ಮೊದಲು ಕೈ ಪಳಗಲೆಂದು ಸುಮ್ಮನೆ ಒತ್ತತೊಡಗಿದೆ. ಒತ್ತಿದ್ದು ಇಷ್ಟು:

"ಮಂದಾರ ನಾನು ಅಮ್ಮ, ನಿಜವಾಗಲೂ ನಾನೇ. ಇದು ಗುಂಡಿ ಫೋನು, ಅಜ್ಜಿಯ ಹೆಸರಲ್ಲಿದೆ, ಯಾರಾದ್ರೂ ಕೇಳಿದರೆ ಹಾಗೇ ಹೇಳು. ಬೇಳೆ ಇಟ್ಟಿದೀನಿ. ನಿಮ್ಮಪ್ಪ ಸಂತೆಯವರ ದೊಡ್ಡ ತಕ್ಕಡಿ ತಂದು ನಡುಮನೇಲಿ ನೇತುಹಾಕಿದಾರೆ, ಬೆಕ್ಕು ಒಂದು ತಟ್ಟೇಲಿ ಕೂತಿದೆ, ಇಳಿಸೋಕೆ ಹೋದರೆ ಪರಚುತ್ತೆ, ಈಗ ಮೂರು ಸೇರು ಇದೆಯಂತೆ ಬೆಕ್ಕು. ನಿನ್ನ ತಟ್ಟೆ ಮೇಲಿನ ಗೂಡಲ್ಲೇ ಇದೆ, ಬರೋದಾದ್ರೆ ಬಾ, ಬೇಡ ಅನ್ನಲ್ಲ. ಅವರೆಕಾಳು ನಿನ್ನೆ ಸುಲಿದೆ. ಅಲ್ಲ, ಕಟ್ಟುಹಲ್ಲಲ್ಲಿ ಮೇಲಿನ ದವಡೆ ಮೊದಲು ಮಾಡ್ತಾರಾ ಕೆಳಗಿನದಾ? ಅಜ್ಜಿ ಕೇಳ್ತಿದಾರೆ ಅಗಿಯೋವಾಗ ಕಟಕಟ ಅನ್ನದ ಹಾಗೆ ಮಾಡೋಕಾಗುತ್ತಾ ಅಂತ. ಹೇಳ್ತಾ ಇರು ನಾನು ಒಗ್ಗರಣೆ ಹಾಕ್ತಾ ಇರ್ತೀನಿ, ಕೇಳಿಸ್ಕೋತೀನಿ. ಅಯ್ಯೋ ಬೇಳೆ"

ಬೇಳೆ ಉಕ್ಕಿತ್ತು. ಒಲೆಯ ಕಡೆ ಹಾರಿದೆ. ಹಾರುವಾಗ ಮೊಣಕೈ ಮೂಲೆಯ ದೊಡ್ಡ ಗುಂಡಿಗೆ ತಾಕಿತು. ಅದು ಕೇಳಲಿಲ್ಲ. ಹೊರಟೇಹೋಯಿತು.

ನಾನು ಸೌಟು ಹಿಡಿದು ನಿಂತುಬಿಟ್ಟೆ. ಹನ್ನೊಂದು ದಿನ ಯಾರೊಂದಿಗೂ ಮಾತಾಡದ ಮಗುವಿಗೆ ಅವಳ ತಾಯಿ ಹೇಳಿದ ಧೈರ್ಯ ಇದು: ಬೆಕ್ಕಿನ ತೂಕ, ಅಜ್ಜಿಯ ಹಲ್ಲು, ಅಯ್ಯೋ ಬೇಳೆ. ಶಾಲೆಯ ಮೇಡಂ ಹತ್ತು ವರ್ಷದ ಹಿಂದೆಯೇ ಕಂಡುಹಿಡಿದಿದ್ದ ರೋಗವನ್ನು ಈಗ ಕೆಂಪು ಅಕ್ಷರದಲ್ಲಿ ಒತ್ತಿ ಅವಳ ಕೈಗೇ ಕಳಿಸಿದ್ದೆ. ಅದನ್ನು ತೊಳೆಯಲು ಭಾರಿ ಕಾಗದ ಬರೆಯಹೊರಟೆ. ಮೂರು ಗಾದೆಗಳಲ್ಲಿ ಒಂದೂ ನೆನಪಾಗಲಿಲ್ಲ. "ನೀನು ನಮ್ಮ" ಎಂದು ಒತ್ತಿ, ಮುಂದೆ ಏನೆಂದು ತಿಳಿಯದೆ ಅಳಿಸಿದೆ.

ಅಂದು ಉತ್ತರ ಬರಲಿಲ್ಲ. ಶನಿವಾರವೂ ಬರಲಿಲ್ಲ. ಫೋನನ್ನು ಹಿಟ್ಟಿನ ಡಬ್ಬದ ಮೇಲಿಟ್ಟು, ಬಚ್ಚಲಿಗೆ ಒಯ್ದು, ಬಟ್ಟೆ ಒಣಹಾಕುವಾಗ ಹೆಗಲಿಗೆ ಸಿಕ್ಕಿಸಿಕೊಂಡು ಕಾದೆ. "ಪೆಟ್ಟಿಗೆ ಕಟ್ಟಿಕೊಳ್ತಿರಬೇಕು ಮಗು, ಅದಕ್ಕೆ ಬಿಡುವಿಲ್ಲ" ಎಂದರು ಚಂದ್ರಯ್ಯ. ಅವರು ಆಗಲೇ ಅವಳ ಮಂಚದ ಕಾಲು ಭದ್ರಮಾಡಿ, ನೀರುಮಟ್ಟ ಇಟ್ಟು ನೋಡಿದ್ದರು.

ಭಾನುವಾರ ಹನ್ನೊಂದು ಗಂಟೆಯ ಬಸ್ಸಿಗೆ ಮೂವರೂ ಹೋಗಿ ನಿಂತೆವು. ಹೊನ್ನಜ್ಜಿ ರಸ್ತೆಯ ಆ ಬದಿಯ ನೆರಳಿನಲ್ಲಿ ಛತ್ರಿ ಊರಿಕೊಂಡು ನಿಂತರು. ಬಸ್ಸು ಬಂತು. ಟೊಮೇಟೊ ಬುಟ್ಟಿಯ ಹೆಂಗಸು ಇಳಿದಳು, ಒಬ್ಬ ಸೈಕಲ್ ಟೈರು ಹೊತ್ತವನು ಇಳಿದ, ಮಗುವಿನ ಜೊತೆ ಒಬ್ಬರು ಇಳಿದರು. ಆಮೇಲೆ ಬಾಗಿಲು ಖಾಲಿಯಾಯಿತು.

"ಇನ್ನೊಬ್ಬಳು ಹುಡುಗಿ ಇರಬೇಕಲ್ಲ, ಹದಿನೇಳು ವರ್ಷ, ಎರಡು ಜಡೆ" ಎಂದರು ಚಂದ್ರಯ್ಯ.

"ಹೊಳೆಯಾಚೆಯಿಂದ ಯಾರೂ ಹತ್ತಿಲ್ಲ ಯಜಮಾನ್ರೇ" ಎಂದ ಕಂಡಕ್ಟರು.

ಅವರು ನನ್ನ ಮುಖ ನೋಡಿದರು. ನಾನು ಬಸ್ಸಿನ ಕಿಟಕಿಗಳನ್ನೆಲ್ಲ ಇಣುಕಿ ನೋಡಿದೆ. ಮನೆಗೂ ಬರದೆ, ಅಲ್ಲಿಯೂ ಇರದೆ ಎಲ್ಲಿಗೆ ಹೋದಳು? ಆಗ ಕೈಚೀಲದೊಳಗೆ ಗುಂಡುಕಲ್ಲಿನ ಮೊಮ್ಮಗ ನಡುಗಿದ. ತೆಗೆದೆ. ಪುಟ್ಟ ಗಾಜಿನಲ್ಲಿ ಅಕ್ಷರ ತುಂಬಿಕೊಂಡಿತ್ತು, ಇಳಿಸಿದಷ್ಟೂ ಇಳಿಯುತ್ತಿತ್ತು.

"ಅಮ್ಮಾ, ಬೇಳೆ ಏನಾಯ್ತು? ಮೊನ್ನೆಯಿಂದ ಅದೇ ಯೋಚನೆ. ಸಿಟ್ಟು ಮಾಡ್ಕೋಬೇಡ, ಬಸ್ಸು ಹತ್ತಲಿಲ್ಲ. ಶುಕ್ರವಾರ ನಿನ್ನದು ಬಂದಾಗ ಪೆಟ್ಟಿಗೆ ಕಟ್ತಾ ಇದ್ದೆ. ಓದಿದೆ. ನೀನು ತಲೆ ಎತ್ತದೆ ಸೊಪ್ಪು ಬಿಡಿಸ್ತಾ ಕೂತ ಹಾಗೇ ಇತ್ತು. ಅಪ್ಪ ಕಳಿಸೋದು ಓದಿದರೆ ಎಲ್ಲರೂ ನನ್ನ ಮುಖಾನೇ ನೋಡ್ತಾ ಕಾಯ್ತಿದಾರೆ ಅನ್ಸುತ್ತೆ, ಬರೆಯೋಕೂ ಗಂಟಲು ಕಟ್ಟುತ್ತೆ. ನೀನು ನೋಡದೆ ಇದ್ದಾಗ ಮಾತ್ರ ನನಗೆ ಮಾತು ಬರೋದು, ನಿನಗೆ ಗೊತ್ತಿತ್ತಲ್ಲ? ನೀನು ಬೇಕಂತಲೇ ಹಾಗೆ ಮಾಡ್ತಿದ್ದೆ ಅಂತ ನಾನು ತಿಳ್ಕೊಂಡಿದೀನಿ. ನಿನ್ನೆ ಮೇಷ್ಟ್ರಿಗೆ ಒಂದು ಚೀಟಿ ಬರೆದುಕೊಟ್ಟೆ. ಸಾರ್, ದಯವಿಟ್ಟು ನನ್ನ ಕಡೆ ನೋಡಬೇಡಿ, ಏನಾದರೂ ಕೆಲಸ ಮಾಡ್ತಾ ಇರಿ ಅಂತ. ಅವರು ಒಂದು ಗಳಿಗೆ ನೋಡಿದರು. ಆಮೇಲೆ ಬೋಗುಣಿ ತಗೊಂಡು ಹಲ್ಲಿನ ಅಚ್ಚಿಗೆ ಗಾರೆ ಕಲಸ್ತಾ ಕೂತ್ಕೊಂಡರು. ಹದಿನೇಳು ನಿಮಿಷ ಮಾತಾಡಿದೆ ಅಮ್ಮಾ. ನಡುವೆ ಅವರು ಹ್ಞೂಂ ಅಂದರು. ಕೆಳಗಿನ ದವಡೆ ಮೊದಲು ಅಲ್ಲ, ಎರಡೂ ಒಟ್ಟಿಗೇ ಮಾಡೋದು, ಒಂದಕ್ಕೊಂದು ಕೂರಬೇಕಲ್ಲ. ಅಜ್ಜಿಗೆ ಹೇಳು ಕಟಕಟ ಅನ್ನಲ್ಲ, ನಾನು ಮಾಡಿಕೊಡ್ತೀನಿ. ಅಷ್ಟರಲ್ಲಿ ಮೇಷ್ಟ್ರು ಏನು ಮಾಡಿದರು ಗೊತ್ತಾ"

ಅಲ್ಲಿಗೆ ನಿಂತಿತ್ತು. ಅವಳೂ ಮೊಣಕೈ ತಾಗಿಸಿರಬೇಕು, ಅಥವಾ ಚೌಕಟ್ಟಿಗೆ ಒರಗಿ ಕಾಯುತ್ತಿರಬೇಕು. ಬೇಕಂತಲೇ ಮಾಡುತ್ತಿದ್ದೆನೇ? ನಾನು ಅಷ್ಟು ಜಾಣೆಯಲ್ಲ. ಸೊಪ್ಪು ಒಣಗುತ್ತಿತ್ತು, ಅಷ್ಟೇ. ಇದನ್ನು ಅವಳಿಗೆ ಹೇಳಬಾರದೆಂದು ಅಲ್ಲೇ ನಿರ್ಧರಿಸಿದೆ. ಇಲ್ಲಿ ನಿಮಗೆ ಹೇಳಿದ್ದೇನೆ, ನಿಮ್ಮಲ್ಲೇ ಇರಲಿ.

ಚಂದ್ರಯ್ಯ ನನ್ನ ಭುಜದ ಮೇಲಿಂದ ಓದಿ ಮುಗಿಸಿ, ಈ ಸಲ ಪ್ರತಿ ಸಾಲನ್ನೂ ಓದಿ, ಕನ್ನಡಕ ತೆಗೆದು ಒರೆಸಿದರು. ಬಸ್ಸು ಹೊರಡಲು ಹಿಂದಕ್ಕೆ ಸರಿಯಿತು. ಅದರ ಪಕ್ಕದ ದೊಡ್ಡ ಕನ್ನಡಿ ನಮ್ಮ ಮುಂದೆ ನಿಧಾನವಾಗಿ ಹಾದುಹೋಯಿತು. ಅದರಲ್ಲಿ ಕಣ್ಣೊರೆಸಿಕೊಳ್ಳುವ ಚಂದ್ರಯ್ಯ ಇದ್ದರು. ರಸ್ತೆಯಾಚೆಯ ಹೊನ್ನಜ್ಜಿ ಓಲೆಯ ಸಮೇತ ಇದ್ದರು. ಅವರಿಬ್ಬರ ನಡುವೆ ಒಂದು ಖಾಲಿ ಜಾಗವಿತ್ತು. ಬೇಸರವಾಗಲಿಲ್ಲ. ನಾನೆಲ್ಲಿದ್ದೇನೆಂದು ಜೀವನದಲ್ಲಿ ಮೊದಲ ಸಲ ನನಗೆ ಸರಿಯಾಗಿ ಗೊತ್ತಿತ್ತು.

"ಬರಲಿಲ್ಲವೇನೇ?" ಎಂದು ಹೊನ್ನಜ್ಜಿ ಆ ಕಡೆಯಿಂದ ಕೂಗಿದರು.

"ಇಲ್ಲ ಅತ್ತೆ, ಬರಲ್ಲ! ಅಲ್ಲೇ ಇರ್ತಾಳೆ! ನಿಮಗೆ ಹಲ್ಲು ಮಾಡಿಕೊಡ್ತಾಳಂತೆ!"

"ಅದಿರಲಿ, ಒಲೆ ಆರಿಸಿ ಬಂದ್ಯಾ?"

ಆರಿಸಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮನೆಯ ಕಡೆ ಓಡಿದೆ. ಓಡುತ್ತಲೇ, ಗುಂಡಿಗಳ ಕಡೆ ನೋಡದೆ, ಹೆಬ್ಬೆರಳಿನಲ್ಲಿ ಒತ್ತಿದೆ: "ಹ್ಞೂಂ, ಆಮೇಲೆ?"